ಸೀಟಿ ಊದುವ ಬಾಯಿ, ಸೂಜಿ ಹಿಡಿಯುವ ಕೈ

ನಮ್ಮ ಪಿ.ಟಿ. ಮೇಷ್ಟ್ರು ತೀರಿಕೊಂಡು ಒಂದು ತಿಂಗಳಾಯಿತು. ತಿಪಟೂರಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಐದು ಜನ ಮಾತಾಡಿದರು. ಐದೂ ಜನ ‘ಸರಳ, ಸಜ್ಜನ, ಮಿತಭಾಷಿ’ ಎಂದರು. ಸತ್ತವರ ಬಗ್ಗೆ ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ? ಮೇಷ್ಟ್ರು ಸರಳರಾಗಿರಲಿಲ್ಲ. ಸಜ್ಜನಿಕೆ ಅವರಿಗೆ ಬೇಕಾದಾಗ ಬರುತ್ತಿತ್ತು, ಬೇಡವಾದಾಗ ಹೋಗುತ್ತಿತ್ತು. ಮಿತಭಾಷಿಯಂತೂ ದೇವರಾಣೆಗೂ ಅಲ್ಲ. ಸಭೆಯ ಕೊನೆಗೆ ಅವರ ಫೋಟೋಗೆ ಒಂದು ಜರಿ ಶಾಲು ಹೊದಿಸಿದರು. ಆ ಶಾಲನ್ನು ಎಲ್ಲಿಂದ ಕತ್ತರಿಸಿದರೆ ಎಷ್ಟು ತುಂಡು ಬಿದ್ದೀತು ಎಂದು ಫೋಟೋದೊಳಗಿನ ಮನುಷ್ಯ ಅಂದಾಜು ಹಾಕುತ್ತಿರುವಂತೆ ನನಗೆ ಕಂಡು ನಗು ತಡೆಯಲಾಗಲಿಲ್ಲ. ಮುಖಕ್ಕೆ ಸೆರಗು ಒತ್ತಿಕೊಂಡೆ. ಪಕ್ಕದಲ್ಲಿದ್ದವರು ಅಳುತ್ತಿದ್ದೇನೆ ಎಂದುಕೊಂಡು ನನ್ನ ಬೆನ್ನು ಸವರಿದರು. ಅಳುತ್ತಲೂ ಇದ್ದೆ ಅನ್ನಿ.

ಅವರ ಹೆಸರು ಇಲ್ಲಿ ಬೇಡ. ಹೆಸರು, ಜನನ, ಮರಣ ಎಲ್ಲ ಹಾಕಿದರೆ ಇದೂ ಆ ಸಭೆಯ ಹಾಗೆಯೇ ಆಗಿಬಿಡುತ್ತದೆ. ಕಿಬ್ಬನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹೈಸ್ಕೂಲಿನಲ್ಲಿ ಅವರು ಆಟ ಆಡಿಸುತ್ತಿದ್ದರು, ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಮಕ್ಕಳು ಅವರ ಪೀರಿಯಡ್ಡಿಗೆ ಕಾಯುತ್ತಿದ್ದರು, ನನ್ನ ಪೀರಿಯಡ್ಡಿಗೆ ಹೊಟ್ಟೆನೋವು ತಂದುಕೊಳ್ಳುತ್ತಿದ್ದರು.

ನಾನು ತುರುವೇಕೆರೆಯಿಂದ ವರ್ಗವಾಗಿ ಬಂದ ಮೊದಲ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆ. ಕಿಟಕಿಯ ಕೆಳಗೆ ಆರಡಿ ಎತ್ತರದ ಒಬ್ಬ ಮನುಷ್ಯ ಕೂತಿದ್ದ. ಹುರಿಮೀಸೆ, ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ತೊಡೆಯ ಮೇಲೆ ಗುಲಾಬಿ ಹೂವಿನ ಒಂದು ಹಳೇ ಸೀರೆ ಹರಡಿಕೊಂಡು ಅದಕ್ಕೆ ಯಾರದೋ ಲುಂಗಿಯ ತುಂಡು ಹಚ್ಚುತ್ತಿದ್ದ. ತಲೆ ಎತ್ತಿ ನೋಡಿ, “ಬನ್ನಿ ಮೇಡಂ. ಸುಮ್ನೆ ಯಾಕ್ ನಿಂತಿದೀರ, ಈ ಸೂಜಿಗೊಂಚೂರು ದಾರ ಪೋಣಿಸ್ಕೊಡಿ. ಲೆಕ್ಕದೋರ್ಗೆ ಕಣ್ಣು ಚುರುಕಿರ್ತವೆ” ಎಂದರು. ಕೆಲಸಕ್ಕೆ ಹಾಜರಾದ ರಿಪೋರ್ಟು ಬರೆಯುವ ಮೊದಲೇ ನಾನು ಅವರಿಗೆ ದಾರ ಪೋಣಿಸಿ ಕೊಟ್ಟಿದ್ದೆ.

ಅವರು ಕೌದಿ ಹೊಲಿಯುತ್ತಿದ್ದರು. ನಮ್ಮಲ್ಲಿ ಕೆಲವರು ಬೊಂತೆ ಎನ್ನುತ್ತಾರೆ. ಹಳೇ ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಕೈಯಲ್ಲೇ ಸಾಲುಸಾಲಾಗಿ ಹೊಲಿಯುವ ಹೊದಿಕೆ. ಮಾರುವುದಕ್ಕಲ್ಲ, ಕೊಡುವುದಕ್ಕೆ. ಮದುವೆಗೆ, ಮಗು ಹುಟ್ಟಿದರೆ, ಯಾರಿಗಾದರೂ ಆಪರೇಷನ್ ಆದರೆ, ವರ್ಗವಾದರೆ, ಗೃಹಪ್ರವೇಶಕ್ಕೆ. ಎಲ್ಲರೂ ಗೋಡೆ ಗಡಿಯಾರ ಕೊಡುವ ಕಡೆ ಇವರು ಸುತ್ತಿದ ಒಂದು ಕೌದಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಸೂಜಿ ಚುಚ್ಚದಿರಲಿ ಎಂದು ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಳ್ಳುತ್ತಿದ್ದರು. ಬಟ್ಟೆಯ ಮೇಲೆ ಗೆರೆ ಎಳೆಯಲು ಸೀಮೆಸುಣ್ಣ ಬಳಸುತ್ತಿರಲಿಲ್ಲ. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯನ್ನೇ ಚಿಟಿಕೆಯಲ್ಲಿ ಹಿಡಿದು ಎಳೆಯುತ್ತಿದ್ದರು.

ಸೂಜಿ ಸದಾ ಅಂಗಿಯ ಕಾಲರಿನಲ್ಲಿ ಚುಚ್ಚಿಕೊಂಡಿರುತ್ತಿತ್ತು. ಒಂದು ಆಗಸ್ಟ್ ಹದಿನೈದರಂದು ಶಾಲೆಗೆ ಬೆಂಚು ಮಾಡಿಸಿಕೊಟ್ಟಿದ್ದ ದಾನಿಯೊಬ್ಬರು ಖುಷಿ ತಡೆಯಲಾರದೆ ವೇದಿಕೆಯ ಮೇಲೆ ಮೇಷ್ಟ್ರನ್ನು ತಬ್ಬಿಕೊಂಡರು. ಸೂಜಿ ಚುಚ್ಚಿ ದಾನಿ “ಅಯ್ಯಯ್ಯಪ್ಪಾ” ಎಂದು ಕಿರುಚಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿತು. “ತಬ್ಕಳೋರು ಮೊದ್ಲೇ ಒಂದ್ ಮಾತು ಹೇಳ್ಬೇಕು ಕಣ್ರೀ, ತೆಗ್ದಿಡ್ತಿದ್ದೆ” ಎಂದರು ಮೇಷ್ಟ್ರು. ಮಾರನೇ ವರ್ಷ ಆ ದಾನಿ ದೂರದಿಂದಲೇ ಕೈಮುಗಿದರು.

ಗಂಡಸಾಗಿ ಹೊಲಿಯುತ್ತೀರಲ್ಲ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು. “ಚಡ್ಡಿ ಹರ್ಕೊಳೋನು ಗಂಡಸು, ಹೊಲ್ಯಾಕ್ ಮಾತ್ರ ಹೆಂಗಸು ಬೇಕಾ? ಹರ್ದೋನೇ ಹೊಲೀಬೇಕು.” ಇದು ಬರೀ ಮಾತಲ್ಲ. ಕಬಡ್ಡಿಯಲ್ಲಿ ಚಡ್ಡಿ ಹರಿದುಕೊಂಡವನನ್ನು ಹೊಂಗೆ ಮರದ ಕೆಳಗೆ ಟವೆಲ್ ಸುತ್ತಿ ಕೂರಿಸಿ, ಕೈಗೆ ಸೂಜಿ ಕೊಟ್ಟು, ಹೊಲಿಗೆ ಮುಗಿಯುವವರೆಗೂ ಏಳಲು ಬಿಡುತ್ತಿರಲಿಲ್ಲ. ಇವತ್ತು ತಿಪಟೂರು ಸುತ್ತಮುತ್ತ ಗುಂಡಿ ಹೊಲಿದುಕೊಳ್ಳಲು ಹೆಂಡತಿಯನ್ನು ಕೂಗದ ಲಾರಿ ಡ್ರೈವರುಗಳು, ಕೊಬ್ಬರಿ ದಲಾಲರು, ಇಬ್ಬರು ಪೊಲೀಸರು ಇದ್ದಾರೆ. ಎಲ್ಲ ಆ ಹೊಂಗೆ ಮರದ ಕೃಪೆ.

ಹೊಸ ಬಟ್ಟೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಹೊಸ್ದಕ್ಕೆ ಸೊಕ್ಕು ಜಾಸ್ತಿ ಮೇಡಂ. ಒಂದೈವತ್ತು ಸಲ ಕಲ್ಲಿಗ್ ಬಡಿಸ್ಕೊಂಡ್ ಮ್ಯಾಲೆ ಮನುಷ್ಯರ ಮಾತು ಕೇಳ್ತದೆ” ಎನ್ನುತ್ತಿದ್ದರು. ಹಾಗಾಗಿ ಎಲ್ಲರ ಮನೆಯ ಹಳೇ ಬಟ್ಟೆಯ ಮೇಲೂ ಅವರ ಕಣ್ಣು. ಕೇಳಿ ಪಡೆದದ್ದು ಅರ್ಧ, ಕೇಳದೇ ಪಡೆದದ್ದು ಇನ್ನರ್ಧ. ನಮ್ಮ ಒಬ್ಬ ಹೆಡ್‌ಮಾಸ್ಟರು ಸ್ಟಾಫ್ ರೂಮಿನ ಹರಕು ಪರದೆ ಬದಲಾಯಿಸಿ ಎಂದರೆ ‘ನೋಡೋಣ, ನೋಡೋಣ’ ಎಂದು ವರ್ಷಗಟ್ಟಲೆ ನೋಡಿದ್ದರು. ಅವರು ನಿವೃತ್ತರಾದ ದಿನ ಬೆಳಿಗ್ಗೆ ಕಿಟಕಿಯಲ್ಲಿ ಪರದೆ ಇರಲಿಲ್ಲ. ಸಂಜೆ ಸನ್ಮಾನದಲ್ಲಿ ಬಿಚ್ಚಿದ ಕೌದಿಯ ನಟ್ಟನಡುವೆ ಆ ಪರದೆ, ಅದರ ಮೇಲಿದ್ದ ಇಂಕಿನ ಕಲೆಯ ಸಮೇತ, ಕೂತಿತ್ತು. “ಸಾರ್, ನೀವಿದುನ್ನ ಬಿಟ್ಟಿರ್ಲಾರ್ದೆ ಇದ್ರಲ್ಲ, ಅದಕ್ಕೆ ಮನೆಗೇ ಕಳುಸ್ತಿದೀವಿ” ಎಂದರು ಮೇಷ್ಟ್ರು. ಹೆಡ್‌ಮಾಸ್ಟರು ನಗಬೇಕೋ ಬೈಯಬೇಕೋ ತಿಳಿಯದೆ ಹಣ್ಣಿನ ಬುಟ್ಟಿಯನ್ನು ಭದ್ರವಾಗಿ ಹಿಡಿದುಕೊಂಡರು.

ಇನ್ನೊಮ್ಮೆ ಬಿಸಿಯೂಟದ ಅಡುಗೆಯಮ್ಮನ ಮನೆ ಸೋರಿ ಹಾಸಿಗೆಯೆಲ್ಲ ನೆನೆದುಹೋಯಿತು. ಮೇಷ್ಟ್ರು ಎಲ್ಲ ಅಧ್ಯಾಪಕರಿಂದಲೂ ಒಂದೊಂದು ಹಳೇ ಅಂಗಿ, ಪಂಚೆ ವಸೂಲಿ ಮಾಡಿ ದೊಡ್ಡ ಕೌದಿ ಹೊಲಿದು ಕೊಟ್ಟರು. ಆಕೆ ಮಾರನೇ ವಾರ ಊಟದ ಹೊತ್ತಿಗೆ, ತುಂಬಿದ ವರಾಂಡದಲ್ಲಿ, “ಎಲ್ಲಾ ಮೇಷ್ಟ್ರುಗಳ್ನೂ ಒಟ್ಟಿಗೆ ಮೈಮ್ಯಾಲ್ ಎಳ್ಕೊಂಡ್ ಮಲಗ್ತೀನಿ ಕಣಪ್ಪ, ಏನ್ ಬೆಚ್ಚಗೈತೆ ಅಂತೀನಿ” ಎಂದಳು. ಕನ್ನಡ ಮೇಷ್ಟ್ರಿಗೆ ಸಾರು ನೆತ್ತಿಗೇರಿತು. ಪಿ.ಟಿ. ಮೇಷ್ಟ್ರು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ತಟ್ಟೆ ಕೆಳಗಿಟ್ಟರು.

ಅವರು ಹೊಲಿದದ್ದೆಲ್ಲ ಚೆನ್ನಾಗಿತ್ತು ಎಂದೇನಲ್ಲ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಮದುವೆಯಾಯಿತು; ಹುಡುಗಿ ಕೋಲಾರದ ಕಡೆಯವಳು. ಚಳಿಗಾಲ, ಗಟ್ಟಿಯಾಗಿರಲಿ ಎಂದು ಪಿ.ಟಿ. ಮೇಷ್ಟ್ರು ಕೌದಿಯ ಒಳಪದರಕ್ಕೆ ಕೊಬ್ಬರಿ ತುಂಬಿದ್ದ ಗೋಣಿಚೀಲ ಹಾಕಿದರು. ಮೂರು ಸಲ ಒಗೆದಿದ್ದರಂತೆ. ಒಗೆದರೇನು, ಕೊಬ್ಬರಿ ಎಣ್ಣೆ ಬಿಡುತ್ತದೆಯೇ? ಅದು ನಮಗೆ ಗೊತ್ತಾಗುವುದೂ ಇಲ್ಲ. ಅಟ್ಟದ ತುಂಬ ಕೊಬ್ಬರಿ ಒಣಗಿಸಿಕೊಂಡು ಅದರ ಕೆಳಗೆ ಹುಟ್ಟಿ ಬೆಳೆದ ಮೂಗು ನಮ್ಮದು. ಆ ವಾಸನೆ ನಮಗೆ ಗಾಳಿಯ ಹಾಗೆ. ಇರುವೆಗಳಿಗೆ ಮಾತ್ರ ಗೊತ್ತಾಯಿತು. ಮದುವೆಯ ರಜೆ ಮುಗಿಸಿ ಬಂದ ಮದುಮಗನ ಕತ್ತು, ಕಿವಿ, ಗಲ್ಲದ ತುಂಬ ಕೆಂಪು ದದ್ದು. ಸ್ಟಾಫ್ ರೂಮು ಇಡೀ ದಿನ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಕಿಸಿಕಿಸಿ ನಕ್ಕಿತು. ಸಂಜೆ ಆ ಪಾಪದವನು ಬಾಯಿಬಿಟ್ಟಾಗಲೇ ಇರುವೆಯ ವಿಷಯ ಗೊತ್ತಾದದ್ದು. ಹುಡುಗಿ ಕೌದಿ ಬಿಡಿಸಿದ ತಕ್ಷಣ, ‘ಇದ್ಯಾಕೆ ಚಟ್ನಿ ವಾಸನೆ?’ ಎಂದಿದ್ದಳಂತೆ, ಇವನು, ‘ಏನೂ ಇಲ್ಲವಲ್ಲ’ ಎಂದಿದ್ದನಂತೆ. ಮೇಷ್ಟ್ರು ಹೋಗಿ ಹುಡುಗಿಯ ಮುಂದೆ ಕಿವಿ ಹಿಡಿದುಕೊಂಡು ಎರಡು ಬಸ್ಕಿ ಹೊಡೆದು, ಬೇರೆ ಕೌದಿ ಹೊಲಿದುಕೊಟ್ಟರು.

ನನ್ನ ಕೌದಿಯ ಕಥೆಯನ್ನೂ ಹೇಳಿಬಿಡುತ್ತೇನೆ. ನನಗೆ ಗರ್ಭಕೋಶದ ಆಪರೇಷನ್ ಆಗಿ ಮನೆಯಲ್ಲಿದ್ದಾಗ ಮೇಷ್ಟ್ರು ಅಳತೆಗೆಂದು ಬಂದರು. ನನ್ನನ್ನು ಅಳೆಯುವಂತಿಲ್ಲವಲ್ಲ, ನಮ್ಮ ಯಜಮಾನರನ್ನೇ ಪಡಸಾಲೆಯಲ್ಲಿ ಅಂಗಾತ ಮಲಗಿಸಿ ಸುತ್ತ ಸುಣ್ಣದ ಪುಡಿಯ ಗೆರೆ ಎಳೆದರು. ಆ ಹೊತ್ತಿಗೆ ಬಂದ ಹಾಲಿನವನು ಹೆದರಿ ಹಾಲು ಚೆಲ್ಲಿದ. ಆಗ ನನಗೂ ನಮ್ಮತ್ತೆಗೂ ಮಾತು ನಿಂತಿತ್ತು. ಆಪರೇಷನ್ ಮಾಡಿಸಿಕೊಂಡವಳಿಗೆ ಹುರುಳಿ ಸಾರು ಕೊಡಬಹುದೇ ಬಾರದೇ ಎಂಬ ಘನ ವಿಷಯಕ್ಕೆ. ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿ, “ನಿಮ್ಮತ್ತೆಯೋರ್ ಸೀರೆದೊಂದ್ ತುಂಡು ಸಿಕ್ಕೈತೆ. ತಲೆ ಕಡೆ ಹಾಕ್ಲೋ, ಕಾಲ್ ಕಡೆ ಹಾಕ್ಲೋ?” ಎಂದು ಕೇಳಿದರು. ನಾನು ಹಿಂದೆಮುಂದೆ ನೋಡದೆ ಕಾಲು ಎಂದೆ. ಕೌದಿ ಬಂದಾಗ ನೋಡಿದರೆ ಅತ್ತೆಯ ಹಸಿರು ಸೀರೆಯ ತುಂಡು ಕೆನ್ನೆಗೆ ತಾಗುವ ಕಡೆ ಇತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ‘ಅತ್ತೆಯವರದ್ದು ತಲೆಯ ಕಡೆಗೇ ಇರಬೇಕು ಎಂದು ಮೇಡಂ ಹಟ ಮಾಡಿದರು’ ಎಂದು ಅತ್ತೆಗೆ ಹೇಳಿ ಹೋಗಿದ್ದರು. ಅತ್ತೆ ಆವತ್ತು ಮಧ್ಯಾಹ್ನ ತಾವೇ ಕಲಸಿದ ಅನ್ನ ತಂದುಕೊಟ್ಟು ನನ್ನ ತಲೆ ಸವರಿದರು. ನಾನು ಸುಳ್ಳೆಂದು ಹೇಳಲು ಬಾಯಿ ಬರದೆ ಅನ್ನ ತಿಂದೆ. ಆಮೇಲೆ ಅವರು ಬದುಕಿದ್ದಷ್ಟು ದಿನ ನಮಗೆ ದೊಡ್ಡ ಜಗಳ ಆಗಲಿಲ್ಲ.

ಹೀಗೆ ಊರವರ ಜಗಳಕ್ಕೆಲ್ಲ ತೇಪೆ ಹಾಕುತ್ತಿದ್ದ ಮನುಷ್ಯನಿಗೆ ತನ್ನ ಸ್ವಂತ ಅಣ್ಣನ ಜೊತೆ ಎಂಟು ವರ್ಷದಿಂದ ಮಾತಿರಲಿಲ್ಲ.

ಅವರ ಹುಟ್ಟೂರು ಅರಳಗುಪ್ಪೆ. ಹೊಲಿಗೆ ಕಲಿತದ್ದೂ ಅಲ್ಲೇ, ಅವ್ವನಿಂದ. ಒಂಬತ್ತು ವರ್ಷದವರಿದ್ದಾಗ ಕದ್ದು ಎಳನೀರು ಕೀಳಲು ಹೋಗಿ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಅಣ್ಣ ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ತಂದಿದ್ದ. ಕಾಲಿಗೆ ಕಟ್ಟು ಹಾಕಿಸಿಕೊಂಡು ಮೂರು ತಿಂಗಳು ಕೂತಲ್ಲೇ ಕೂತ ಹುಡುಗ ಮನೆಯವರ ಪ್ರಾಣ ತಿನ್ನತೊಡಗಿದಾಗ ಅವ್ವ, ‘ಕೈ ಖಾಲಿ ಇದ್ರೆ ಬಾಯಿ ಸುಮ್ಕಿರಲ್ಲ’ ಎಂದು ಸೂಜಿ ಹಿಡಿಸಿದರಂತೆ. ಆ ಮೂರು ತಿಂಗಳಲ್ಲಿ ಅವ್ವ ಮಗ ಸೇರಿ ಒಂದು ಕೌದಿ ಮುಗಿಸಿದರು. ಅವ್ವ ತೊಂಬತ್ತು ದಾಟಿ, ಕೊನೆಯವರೆಗೂ ತಮ್ಮ ಸೊಸೆಯ ಅಡುಗೆಗೆ ಹೆಸರಿಟ್ಟುಕೊಂಡು, ಸುಖವಾಗಿ ಸತ್ತರು. ಹನ್ನೊಂದರ ದಿನವೇ ಅಣ್ಣತಮ್ಮ ತೋಟದ ಭಾಗದ ಮಾತೆತ್ತಿದರು. ಬದುವಿನ ಮೇಲಿದ್ದ ಒಂದು ತೆಂಗಿನ ಮರ ಯಾರಿಗೆ ಎಂದು ಮಾತು ಬಂತು. ಅದನ್ನು ನೆಟ್ಟವನು ನಾನು ಎಂದರು ಮೇಷ್ಟ್ರು. ನೆಂಟರೆಲ್ಲ ಊಟಕ್ಕೆ ಕೂತಿದ್ದ ಪಂಕ್ತಿಯ ಮುಂದೆ ಅಣ್ಣ ಅಂದ: “ಸೂಜಿ ಹಿಡ್ಕೊಂಡ್ ಕೂರೋ ಹೆಣ್ಣಿಗನಿಗೆ ಮರ ಯಾಕ್ಲಾ? ಸೀರೆ ತಗಂಡೋಗು.”

ಜಗತ್ತಿಗೆಲ್ಲ ಉತ್ತರ ಕೊಡುತ್ತಿದ್ದ ಮೇಷ್ಟ್ರು ಆವತ್ತು ಎಲೆ ಬಿಟ್ಟು ಎದ್ದು ಬಂದವರು ಮತ್ತೆ ಊರಿಗೆ ಹೋಗಲಿಲ್ಲ. ಮರವೂ ಬೇಡವೆಂದರು, ಸೀರೆಯೂ ಬೇಡವೆಂದರು. ನನಗೆ ಇದನ್ನು ಹೇಳುವಾಗಲೂ ನಗುತ್ತಲೇ ಹೇಳಿದ್ದರು, ಆದರೆ ದಾರ ಎರಡು ಸಲ ಗಂಟು ಬಿತ್ತು.

ಅವರಿಗೆ ಒಬ್ಬಳೇ ಮಗಳು. ಚಿಕ್ಕನಾಯಕನಹಳ್ಳಿಗೆ ಕೊಟ್ಟಿದ್ದರು, ಅಳಿಯನದ್ದು ಅಲ್ಲಿ ಹಾರ್ಡ್‌ವೇರ್ ಅಂಗಡಿ. ಮದುವೆಯಾಗಿ ಏಳು ವರ್ಷದಲ್ಲಿ ಎರಡು ಸಲ ಬಸುರು ನಿಂತು ಎರಡು ಸಲವೂ ಕೈತಪ್ಪಿ ಹೋಗಿತ್ತು. ಮೂರನೇ ಸಲ ಏಳು ತಿಂಗಳು ದಾಟಿ, ಅವಳು ತಿಪಟೂರಿನ ತವರಿಗೆ ಹೆರಿಗೆಗೆ ಬಂದಳು. ಮೇಷ್ಟ್ರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಊರಿನ ಅರ್ಧ ಮಕ್ಕಳಿಗೆ ತೊಟ್ಟಿಲ ಕೌದಿ ಹೊಲಿದುಕೊಟ್ಟವರು ಸ್ವಂತ ಮೊಮ್ಮಗುವಿಗೆ ಒಂದು ಸಾಲನ್ನೂ ಹೊಲಿದಿರಲಿಲ್ಲ. ಕೇಳಿದರೆ ಮಾತು ಹಾರಿಸುತ್ತಿದ್ದರು. ಕೊನೆಗೆ ಒಂದು ದಿನ ನಮ್ಮ ಮನೆಗೆ ಬಂದು ಕೂತು ನಿಜ ಹೇಳಿದರು.

ನಮ್ಮ ಕಡೆ ಹುಟ್ಟಿದ ಮಗುವನ್ನು ಮೊದಲು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಮನೆಯಲ್ಲಿ ತುಂಬು ಬಾಳು ಬಾಳಿದ ಅಜ್ಜಿ ಮುತ್ತಜ್ಜಿಯರು ಉಟ್ಟು ಹಳೆಯದಾದ ಸೀರೆ ಬೇಕು. ಅವರ ಆಯಸ್ಸು ಇದಕ್ಕೂ ಬರಲಿ ಎಂದು. ರಾಹುಕಾಲದಲ್ಲೇ ಆಟೋಟ ಶುರುಮಾಡುತ್ತಿದ್ದ, ಬೆಕ್ಕು ಅಡ್ಡ ಬಂದರೆ ಅದಕ್ಕೆ ಸೀಟಿ ಊದುತ್ತಿದ್ದ ಮನುಷ್ಯ ಈಗ, “ನಂಗೆ ನಂಬ್ಕೆ ಇಲ್ಲ ಮೇಡಂ. ಆದ್ರೂ ಎಲ್ಡು ಸಲ ಹೋಯ್ತಲ್ಲ. ಅವ್ವನ್ ಸೀರೆದೊಂದ್ ಚೂರಾದ್ರೂ ಬೇಕು. ಎಲ್ಲಾ ಅವನ್ ಮನೇಲೈತೆ” ಎಂದರು. ಅವರ ಮುಖ ನೋಡಲಾಗಲಿಲ್ಲ. ನಾನು ತಮಾಷೆ ಮಾಡಲು ಏನೂ ಹೊಳೆಯದೆ, ನಾನೂ ಜೊತೆಗೆ ಬರುತ್ತೇನೆ ಎಂದೆ.

ಒಂದು ಭಾನುವಾರ ಅವರ ಸ್ಕೂಟರಿನ ಹಿಂದೆ ಕೂತು ಅರಳಗುಪ್ಪೆಗೆ ಹೋದೆ. ಅಣ್ಣ ಜಗಲಿಯ ಒಂದು ತುದಿಯಲ್ಲಿ ಕೂತಿದ್ದರು. ಮೇಷ್ಟ್ರದ್ದೇ ಎತ್ತರ, ಅದೇ ಮೀಸೆ, ಬಣ್ಣ ಮಾತ್ರ ಪೂರಾ ಬಿಳಿ. ಮೇಷ್ಟ್ರು ಹೋಗಿ ಇನ್ನೊಂದು ತುದಿಯಲ್ಲಿ ಕೂತರು. ನಡುವೆ ನಾನು.

“ಮೇಡಂ, ಏನ್ ಬೇಕಂತೆ ಅವುನ್ಗೆ, ಕೇಳಿ” ಎಂದರು ಅಣ್ಣ.

“ಅವ್ವನ್ ಸೀರೆ ಒಂದು ಬೇಕು, ಮಗೀಗೆ ಅಂತ ಹೇಳಿ ಮೇಡಂ” ಎಂದರು ತಮ್ಮ.

ಇಬ್ಬರಿಗೂ ನಡುವೆ ಇದ್ದದ್ದು ನಾಲ್ಕು ಮಾರು. ನಾನು ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಹೇಳುತ್ತಾ ಹೋದೆ. ಹೇಳದಿದ್ದರೆ ಅವರು ಉತ್ತರ ಕೊಡುತ್ತಿರಲಿಲ್ಲ. ಲೆಕ್ಕದ ಮೇಡಂ ಆಗಿ ನನ್ನ ಇಡೀ ಸರ್ವಿಸಿನಲ್ಲಿ ಇಂಥ ದಡ್ಡ ಕೆಲಸ ಮಾಡಿರಲಿಲ್ಲ.

“ಸೀರೆ ಎಲ್ಲೈತೆ? ಹನ್ನೊಂದ್ರ ದಿನವೇ ಎಲ್ಲಾ ಕೊಟ್ಟಾಯ್ತು ಅಂತ ಹೇಳಿ” ಎಂದರು ಅಣ್ಣ.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅವರ ಹೆಂಡತಿ, “ಯಾಕ್ ಸುಳ್ಳು ಹೇಳ್ತೀರ? ದಿನಾ ಹೊದ್ಕೊಂಡ್ ಮಲಗ್ತೀರಲ್ಲ, ಅದೇನು ಮತ್ತೆ?” ಎಂದು ಲೋಟ ಕೆಳಗಿಟ್ಟು ಒಳಗೆ ಹೋದರು. ತಂದು ನಮ್ಮ ಮುಂದೆ ಹಾಕಿದ್ದು ಒಂದು ಕೌದಿ. ಅವ್ವನ ಮೂರು ಸೀರೆ ಒಳಗೆ ಹೊರಗೆ ಹಾಕಿ ಹೊಲಿದದ್ದು. ಬಣ್ಣವೆಲ್ಲ ಹೋಗಿ ಮೂರೂ ಒಂದೇ ಆಗಿದ್ದವು.

ಮೇಷ್ಟ್ರು ಬಗ್ಗಿ ನೋಡಿದರು. ಅಂಚಿನ ಎರಡು ಸಾಲು ಹೊಲಿಗೆ ಸೊಟ್ಟಸೊಟ್ಟಗಿತ್ತು. “ಇದು ನಂದು” ಎಂದರು. ಕಾಲು ಮುರಿದುಕೊಂಡ ಹುಡುಗ ಹೊಲಿದ ಸಾಲು. ಆಮೇಲೆ ಕೈಯಾಡಿಸುತ್ತಾ ನಡುವಿಗೆ ಬಂದಾಗ ಕೈ ನಿಂತಿತು. ಅಲ್ಲಿ ಐದಾರು ಕಡೆ ಹರಿದಿತ್ತು, ಹರಿದ ಕಡೆಯೆಲ್ಲ ಯಾರೋ ಗೋಣಿ ದಾರದಲ್ಲಿ ಹೊಲಿದಿದ್ದರು. ಕೊಬ್ಬರಿ ಮೂಟೆಯ ಬಾಯಿ ಹೊಲಿಯುತ್ತಾರಲ್ಲ, ಆ ದಬ್ಬಳದಲ್ಲಿ. ಒಂದೊಂದು ತೂತಿನಲ್ಲೂ ಕಡಲೆಕಾಯಿ ಹೋಗುವಂತಿತ್ತು.

“ಇದ್ಯಾವನ್ ಹೊಲ್ದಿರದು ಅಂತ ಕೇಳಿ ಮೇಡಂ. ಮೂಟೆ ಹೊಲ್ದಂಗೈತೆ.”

ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಅಣ್ಣನ ಮುಖ ಕಿವಿಯವರೆಗೂ ಕೆಂಪಾಗಿತ್ತು. “ಇನ್ಯಾರು, ನಮ್ಮೆಜಮಾನ್ರೇ. ನನ್ ಕೈಗ್ ಕೊಡಲ್ಲ, ಬಾಕ್ಲು ಹಾಕ್ಕೊಂಡ್ ಹೊಲೀತಾರೆ” ಎಂದರು ಹೆಂಡತಿ. ಮೇಷ್ಟ್ರು ನಕ್ಕರೆ ಎಲ್ಲ ಕೆಟ್ಟಿತು ಎಂದುಕೊಂಡೆ. ನಗದೇ ಇರುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಆವತ್ತು ನಗಲಿಲ್ಲ.

ಅಣ್ಣ ರಸ್ತೆಯ ಕಡೆ ನೋಡುತ್ತಾ, “ಬೇಕಾದ್ರೆ ಅರ್ಧ ಕೊಯ್ಕೊಂಡೋಗಾಕ್ ಹೇಳಿ. ಎಲ್ಲಾ ಭಾಗ ಆಗೈತೆ, ಇದೂ ಆಗ್ಲಿ” ಎಂದರು. ಹೆಂಡತಿ ಕತ್ತರಿ ತಂದಿಟ್ಟರು.

ಹೆಡ್‌ಮಾಸ್ಟರುಗಳ ಶಾಲು, ಶಾಲೆಯ ಪರದೆ, ಹೇಳದೆ ಕೇಳದೆ ನಮ್ಮ ಯಜಮಾನರ ಒಳ್ಳೇ ಪ್ಯಾಂಟು, ಎಲ್ಲಕ್ಕೂ ಕತ್ತರಿ ಹಾಕಿದ ಕೈ ಅದು. ಕತ್ತರಿ ತೆಗೆದುಕೊಂಡರು. ಕೌದಿಯ ಅಂಚಿಗೆ ಹಿಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು ಕೆಳಗಿಟ್ಟರು. ಆಮೇಲೆ ಕಾಲರಿನಿಂದ ಸೂಜಿ ತೆಗೆದು, ಗೋಣಿ ದಾರವನ್ನು ಒಂದೊಂದಾಗಿ ಬಿಚ್ಚಿ, ಹರಿದದ್ದನ್ನು ಹೊಲಿಯುತ್ತಾ ಕೂತರು. ಊಟದ ಹೊತ್ತಾಯಿತು. ಏಳಲಿಲ್ಲ. ಅಣ್ಣನೂ ಏಳಲಿಲ್ಲ. ನಾನು ಮಾತ್ರ ಒಳಗೆ ಹೋಗಿ ಮುದ್ದೆ, ಬಸ್ಸಾರು ಉಂಡು ಬಂದೆ. ಸುಳ್ಳು ಯಾಕೆ ಹೇಳಲಿ, ತುಂಬ ಚೆನ್ನಾಗಿತ್ತು. ಕೊನೆಯ ಗಂಟು ಹಾಕಿ, ಕೌದಿ ಮಡಿಸಿ, ಅತ್ತಿಗೆಯ ಕೈಗೆ ಕೊಟ್ಟು ಮೇಷ್ಟ್ರು ಸ್ಕೂಟರ್ ಹತ್ತಿದರು. ಒಂದು ಚೂರು ಬಟ್ಟೆಯನ್ನೂ ತರಲಿಲ್ಲ.

ದಾರಿಯಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. “ಏನ್ರೀ ಮೇಷ್ಟ್ರೇ, ಹೋಗಿದ್ದು ಯಾಕೆ, ಮಾಡಿದ್ದು ಏನು? ಒಂದು ಮೂಲೆ ಕತ್ತರಿಸಿಕೊಂಡಿದ್ದರೆ ಆಗುತ್ತಿತ್ತಲ್ಲ” ಎಂದೆ.

“ಅವ್ನು ಹೊದ್ಕೊಂಡ್ ಮಲಗ್ತಾವ್ನೆ ಕಣ್ರೀ” ಎಂದರು. ಮನೆ ಬರುವವರೆಗೂ ಮತ್ತೆ ಮಾತಾಡಲಿಲ್ಲ. ಅವರನ್ನು ಮಿತಭಾಷಿಯಾಗಿ ನಾನು ಕಂಡದ್ದು ಅದೊಂದೇ ದಿನ.

ಮಗಳಿಗೆ ಹೆಣ್ಣು ಮಗು ಹುಟ್ಟಿತು. ತೂಕ ಕಡಿಮೆ ಇತ್ತು, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೇಷ್ಟ್ರು ಆಸ್ಪತ್ರೆಯ ವರಾಂಡದಲ್ಲಿ ಓಡಾಡುತ್ತಾ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಮಗು ಗೆದ್ದು ಮನೆಗೆ ಬಂತು. ತೊಟ್ಟಿಲು ಶಾಸ್ತ್ರಕ್ಕೆ ದಿನ ಗೊತ್ತಾಯಿತು. ಆ ದಿನ ತೊಟ್ಟಿಲಲ್ಲಿ ಹಾಸಲು ಮೇಷ್ಟ್ರ ಹಳೇ ಪಂಚೆ ಮಡಿಸಿ ಇಟ್ಟಿದ್ದರು. “ಊರಿಗೆಲ್ಲ ಹೊಲ್ದ್ ಕೊಟ್ಟೆ, ನನ್ ಮಗೀಗೆ ನಿನ್ ಪಂಚೆಯೇನಪ್ಪಾ?” ಎಂದು ಮಗಳು ಕಣ್ಣೀರು ಹಾಕಿದಳು. ಮೇಷ್ಟ್ರು ತೊಟ್ಟಿಲ ಹಗ್ಗ ಎಳೆದು ನೋಡುತ್ತಿದ್ದರು. ಗಟ್ಟಿ ಇದೆಯೆಂದು ಆಗಲೇ ನಾಲ್ಕು ಸಲ ನೋಡಿದ್ದರು.

ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಬಾಗಿಲಲ್ಲಿ ಅಣ್ಣ ನಿಂತಿದ್ದರು. ಮಳೆಯಲ್ಲಿ ನೆನೆದಿದ್ದರು. ಎದೆಗವಚಿಕೊಂಡಿದ್ದ ರಸಗೊಬ್ಬರದ ಪ್ಲಾಸ್ಟಿಕ್ ಚೀಲ ಮಾತ್ರ ಒಳಗೆ ಒದ್ದೆಯಾಗದ ಹಾಗೆ ಬಾಯಿ ಕಟ್ಟಿತ್ತು. ಯಾರ ಕಡೆಯೂ ನೋಡದೆ ನೇರ ನನ್ನ ಹತ್ತಿರ ಬಂದು, “ಮೇಡಂ, ಇವತ್ತೊಂದಿನಕ್ಕೆ ತಂದಿವ್ನಿ. ಸಂಜೆ ಬಸ್ಸಿಗೆ ವಾಪಸ್ ಒಯ್ತೀನಿ. ಹೇಳ್ಬುಡಿ” ಎಂದರು. ನಾನು ಮೇಷ್ಟ್ರ ಕಡೆ ತಿರುಗಿ ಹೇಳಿದೆ. ಅವರು ತಲೆಯಾಡಿಸಿದರು.

ಪಂಚೆ ತೆಗೆದು ಅವ್ವನ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಲಲ್ಲಿ ಹಾಸಿದರು. ಮಗುವನ್ನು ಮಲಗಿಸಿದರು. ಹೆಂಗಸರು ಹಾಡಿದರು. ಅಣ್ಣ ಒಂದು ಕಡೆಯ ಹಗ್ಗ ಹಿಡಿದು ನಿಂತರು, ತಮ್ಮ ಇನ್ನೊಂದು ಕಡೆಯದು. ಇಬ್ಬರೂ ಮಗುವನ್ನೇ ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುವ ತೊಂದರೆ ತಪ್ಪಿತು ಎಂಬಂತೆ. ಮಗು ಕಣ್ಣು ಬಿಟ್ಟಿತು, ಒಂದು ಸಲ ಮೈಮುರಿಯಿತು, ಆಮೇಲೆ ಅಷ್ಟು ಚಿಕ್ಕ ಮೈಯಲ್ಲಿ ಇಷ್ಟೊಂದು ಎಲ್ಲಿತ್ತೋ ಎನ್ನುವ ಹಾಗೆ ಉಚ್ಚೆ ಹೊಯ್ಯಿತು.

“ಲೇ, ಅವ್ವನ್ ಮ್ಯಾಲೇ ಉಯ್ದ್‌ಬುಟ್ಲು ಕಣ್ಲಾ!” ಎಂದರು ಅಣ್ಣ.

ನನ್ನ ಕಡೆ ನೋಡಿ ಹೇಳಿದ ಮಾತಲ್ಲ. ಎಂಟು ವರ್ಷದ ಮೇಲೆ ನೇರ ತಮ್ಮನಿಗೇ ಹೇಳಿದ್ದು. ಹೇಳಿ ಆದಮೇಲೆ ಅವರಿಗೇ ಗೊತ್ತಾಗಿ, ಬಾಯಿ ಹಾಗೇ ತೆರೆದಿತ್ತು. ಹಾಡುತ್ತಿದ್ದ ಹೆಂಗಸರೂ ನಿಲ್ಲಿಸಿದರು.

ಮೇಷ್ಟ್ರ ಮೀಸೆ ಅದುರುತ್ತಿತ್ತು. “ಒಗೀತೀನಿ ಬುಡಣ್ಣ” ಎಂದರು.

“ಹೂಂ, ಒಗಿ. ಒಣಗೋಗಂಟ ನಾನೂ ಇಲ್ಲೇ ಇರ್ತೀನಿ. ನಿನ್ ಕೈಗ್ ಬುಟ್ಟೋದ್ರೆ ಕತ್ತರಿ ಹಾಕ್ಬುಡ್ತೀಯ.”

ಆಗ ಶ್ರಾವಣ. ವಾರದಿಂದ ಬಿಸಿಲಿನ ಮುಖ ಕಂಡಿರಲಿಲ್ಲ, ಜಿಟಿಜಿಟಿ ಮಳೆ. ಕೌದಿ ಒಣಗಲು ಮೂರು ದಿನ ಹಿಡಿಯಿತು.